ಬೈಗುಳ ಬೀಳದ ಭಾವ

ಗಾಜಿನಂಗಡಿಯ ಯಜಮಾನನಿಗೆ ಬೆನ್ನ ಹಿಂದೆ ಒಂದು ಹೆಸರಿತ್ತು: ಗುಡುಗು. ಗುಡುಗು ಬಂತು ಅಂದರೆ ಟೀ ಲೋಟ ಕೆಳಗಿಡಬೇಕು, ಗುಡುಗು ಹೋಯಿತು ಅಂದರೆ ಮತ್ತೆ ಎತ್ತಿಕೊಳ್ಳಬಹುದು. ಈ ಹೆಸರು ಅವನ ಕಿವಿಗೂ ಬಿದ್ದಿತ್ತು. ಬಿದ್ದರೂ ಬೀಳದವನ ಹಾಗೆ ಇದ್ದ, ಏಕೆಂದರೆ ಒಳಗೊಳಗೆ ಅವನಿಗೆ ಅದು ಹಿಡಿಸಿತ್ತು.

ಅಂಗಡಿ ಎಂದರೆ ಮುಂದೆ ಒಂದು ಮೇಜು, ಒಂದು ಫೋನು, ಗೋಡೆಗೆ ಒರಗಿಸಿದ ಕನ್ನಡಿಗಳು. ಹಿಂದೆ ತಗಡಿನ ಚಾವಣಿಯ ದೊಡ್ಡ ಶೆಡ್ಡು. ಅಲ್ಲಿ ಮರದ ಚೌಕಟ್ಟುಗಳಲ್ಲಿ ಆಳೆತ್ತರದ ಗಾಜಿನ ಹಾಳೆಗಳು ಕಪಾಟಿನ ಪುಸ್ತಕಗಳ ಹಾಗೆ ನಿಂತಿರುತ್ತವೆ. ನಡುವೆ ಹಳೇ ಜಮಖಾನ ಹೊದಿಸಿದ ಕತ್ತರಿಸುವ ಮೇಜು. ಮೂಲೆಯಲ್ಲಿ ಗಾಜಿನ ಅಂಚು ಉಜ್ಜುವ ಯಂತ್ರ, ಅದರ ಬುಡದಲ್ಲಿ ವರ್ಷವಿಡೀ ಬಿಳಿ ಕೆಸರು. ಎಲ್ಲ ಸೇರಿ ಎಂಟು ಜನ ಕೆಲಸದವರು. ಏಳನೇ ಕ್ಲಾಸಿಗೆ ಪಾಟಿಚೀಲ ಎಸೆದು ಬಂದವನು ಎಂಟು ಜನಕ್ಕೆ ಅನ್ನ ಕೊಡುತ್ತಿದ್ದಾನೆ ಎಂದರೆ ಬರೀ ಅದೃಷ್ಟವಲ್ಲ. ಬಾಯಿ ಕೆಟ್ಟದ್ದಾದರೂ ಕೈ ಒಳ್ಳೆಯದಿತ್ತು.

ಆ ಅಂಗಡಿಗೆ ಅದರದ್ದೇ ಒಂದು ಕಾನೂನಿತ್ತು. ಅಳತೆಯ ಟೇಪಿನ ತುದಿಯಲ್ಲಿ ತಗಡಿನ ಒಂದು ಸಣ್ಣ ಕೊಕ್ಕೆ ಇರುತ್ತದಲ್ಲ, ಎರಡು ಸಲ ಕೆಳಗೆ ಬಿದ್ದರೆ ಅದು ಸೊಟ್ಟಗಾಗುತ್ತದೆ. ಮರದ ಕೆಲಸದವನು ಅದನ್ನು ಹೇಗೋ ಸಂಭಾಳಿಸಿಕೊಂಡಾನು, ಗಾಜು ಸಂಭಾಳಿಸಿಕೊಳ್ಳುವುದಿಲ್ಲ. ಯಜಮಾನನ ಮೊಟ್ಟಮೊದಲ ಕನ್ನಡಿ ಈ ಕೊಕ್ಕೆಯಿಂದಲೇ ಹಾಳಾಗಿತ್ತು. ಅವತ್ತಿನಿಂದ ಅಲ್ಲಿ ಯಾರೂ ಟೇಪನ್ನು ತುದಿಯಿಂದ ಹಿಡಿಯುವಂತಿಲ್ಲ. ಒಂದು ಇಂಚಿನ ಗೆರೆಯಿಂದ ಹಿಡಿಯಬೇಕು. ಮೂವತ್ತು ಇಂಚಿನ ಕಿಟಕಿಗೆ ಟೇಪು ಮೂವತ್ತೊಂದು ತೋರಿಸುತ್ತದೆ, ಚೀಟಿಯಲ್ಲೂ ಮೂವತ್ತೊಂದು ಎಂದೇ ಬರೆಯಬೇಕು. ಅಳೆದವನು ಕಳೆಯಬಾರದು. ಆ ಒಂದನ್ನು ಕಳೆಯುವವನು ಕತ್ತರಿಸುವ ಮೇಜಿನ ಮುಂದೆ ನಿಂತವನು ಮಾತ್ರ. ಇಬ್ಬರೂ ಕಳೆದರೆ ಗಾಜು ಒಂದಿಂಚು ಗಿಡ್ಡವಾಗುತ್ತದೆ, ಯಾರೂ ಕಳೆಯದಿದ್ದರೆ ಚೌಕಟ್ಟಿಗೆ ಹಿಡಿಸುವುದೇ ಇಲ್ಲ.

ಈ ಕಾನೂನು ಎಲ್ಲೂ ಬರೆದಿರಲಿಲ್ಲ. ಹೊಸಬ ಬಂದ ಮೊದಲ ದಿನವೇ ಟೇಪನ್ನು ತುದಿಯಿಂದ ಹಿಡಿಯುತ್ತಾನೆ, ಯಜಮಾನ ನೋಡುತ್ತಾನೆ, ತಗಡು ಅದುರುವ ಹಾಗೆ ಕೂಗುತ್ತಾನೆ: "ಒಂದು ಬಿಟ್ಟು ಹಿಡಿಯೋ! ನಿಮ್ಮಪ್ಪ ಮಾಡಿದ ಗಾಜಲ್ಲ ಅದು!" ಹೊಸಬ ಸಾಯುವವರೆಗೂ ಮರೆಯುವುದಿಲ್ಲ. ಎಂಟು ಜನರೂ ಹೀಗೆಯೇ ಕಲಿತವರು. ಅಲ್ಲಿ ಪಾಠ ಮತ್ತು ಬೈಗುಳ ಎರಡೂ ಒಂದೇ ಆಗಿದ್ದವು.

ಕತ್ತರಿಸುವವನನ್ನು ಎಲ್ಲರೂ ಡೈಮಂಡಣ್ಣ ಎನ್ನುತ್ತಿದ್ದರು. ಗಾಜಿನ ಮೇಲೆ ಗೆರೆ ಎಳೆಯುವ ವಜ್ರದ ಮೊನೆಯ ಕಡ್ಡಿ ಅವನ ಬಲಗೈಯಲ್ಲಿ ಆರನೇ ಬೆರಳಿನ ಹಾಗೆ ಇರುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಅಲ್ಲೇ ಇದ್ದ. ದಿನಕ್ಕೊಂದು ಬೈಗುಳ ತಿನ್ನುತ್ತಿದ್ದ, ತಿಂದು ನಗುತ್ತಿದ್ದ. "ನಮ್ಮ ಯಜಮಾನ್ರು ಬೈದಿಲ್ಲ ಅಂದ್ರೆ ಅವತ್ತು ಅವರಿಗೆ ಮೈ ಸರಿ ಇಲ್ಲ ಅಂತ ತಿಳ್ಕೊಳ್ಳಿ" ಎಂದು ಗಿರಾಕಿಗಳಿಗೇ ಹೇಳುತ್ತಿದ್ದ.

ಇಂಥ ಕಡೆಗೆ ಭಾವ ಬಂದರು.

ಭಾವ ಎಂದರೆ ಯಜಮಾನನ ಅಕ್ಕನ ಗಂಡ. ಒಂದು ಸಾಬೂನಿನ ಕಾರ್ಖಾನೆಯ ಗೇಟಿನಲ್ಲಿ ಮೂವತ್ತು ವರ್ಷ ಹಾಜರಿ ಬರೆದವರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಮುತ್ತು ಪೋಣಿಸಿದಂಥ ಅಕ್ಷರ. ಆ ಕಾರ್ಖಾನೆ ಬಾಗಿಲು ಹಾಕಿತು. ಐವತ್ತಾರು ವಯಸ್ಸಿನವರಿಗೆ ಇನ್ಯಾರು ಕೆಲಸ ಕೊಡುತ್ತಾರೆ? ನಾಲ್ಕು ತಿಂಗಳು ಮನೆಯಲ್ಲಿ ಕೂತರು. ಬೆಳಗ್ಗೆ ಎಂಟಕ್ಕೆ ಇಸ್ತ್ರಿ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂರುವುದು, ಸಂಜೆ ಐದಕ್ಕೆ ಬಿಚ್ಚಿಡುವುದು.

ಅಕ್ಕ ಅಂಗಡಿಗೇ ಬಂದಳು. ಕೂರು ಅಂದರೂ ಕೂರಲಿಲ್ಲ.

"ಅವರಿಗೊಂದು ಕೆಲಸ ಕೊಡೋ."

"ಅಕ್ಕ, ಗಾಜು ಎತ್ತೋ ಕೆಲಸ ಇದು. ಭಾವನ ಸೊಂಟಕ್ಕಾಗಲ್ಲ."

"ಎತ್ತೋಕೆ ನಿನ್ನ ಹತ್ರ ಜನ ಇಲ್ವಾ? ಬರೆಯೋದು, ಅಳೆಯೋದು ಏನಾದ್ರೂ ಕೊಡು. ಮನೇಲಿ ಹೀಗೇ ಕೂತ್ರೆ ಅವರೂ ಉಳಿಯಲ್ಲ, ನಾನೂ ಉಳಿಯಲ್ಲ." ಆಮೇಲೆ ದನಿ ತಗ್ಗಿಸಿ, "ಒಂದೇ ಮಾತು. ನಿನ್ನ ಬಾಯಿ ಇದ್ಯಲ್ಲ, ಅದನ್ನ ಅವರ ಮೇಲೆ ಬಿಡಬೇಡ. ನಾಲ್ಕು ಜನರ ಮುಂದೆ ಅವರಿಗೊಂದು ಮಾತು ಬಿದ್ರೆ ನಾನು ನಿನ್ನ ಮುಖಾನೂ ನೋಡಲ್ಲ. ಮಾತು ಕೊಡು."

ಕೊಟ್ಟ. ಕೊಡದೆ ಇರುವ ಹಾಗಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಐದು ವರ್ಷ ಅವನು ಬೆಳೆದದ್ದು ಅಕ್ಕನ ಮನೆಯಲ್ಲಿ. ಮೊದಲ ಗಾಜಿನಂಗಡಿಗೆ ಅವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿ, "ಹುಡುಗ ಸಿಡುಕ, ಆದ್ರೆ ಕಳ್ಳ ಅಲ್ಲ" ಎಂದು ಹೇಳಿ ಕೆಲಸಕ್ಕೆ ಸೇರಿಸಿದವರು ಇದೇ ಭಾವ. ಅಂಥವರ ಮುಂದೆ ದನಿ ಎತ್ತುವುದೆಂದರೆ ಉಂಡ ತಟ್ಟೆಗೆ ಉಗುಳಿದ ಹಾಗೆ.

ನೆಂಟರನ್ನು ಕೆಲಸಕ್ಕಿಟ್ಟುಕೊಳ್ಳುವುದು ತಪ್ಪಲ್ಲ. ಇಟ್ಟುಕೊಂಡು ನೆಂಟರನ್ನಾಗಿಯೇ ಉಳಿಸಿಕೊಳ್ಳುತ್ತೇವಲ್ಲ, ಅಲ್ಲಿಂದ ಶುರುವಾಗುತ್ತದೆ ತಾಪತ್ರಯ.

ಮೊದಲ ದಿನ ಭಾವ ಹೊಸ ಟೇಪು ಹಿಡಿದು ಮುಂದಿನ ಕೋಣೆಯ ಕಿಟಕಿ ಅಳೆದರು. ತುದಿಯ ಕೊಕ್ಕೆ ಸಿಕ್ಕಿಸಿ, ಕನ್ನಡಕ ಸರಿಮಾಡಿಕೊಂಡು, ಓದಿ, ಚೀಟಿಯಲ್ಲಿ ಬರೆದರು. ಯಜಮಾನ ನೋಡಿದ. ಬೈಗುಳ ಗಂಟಲಿಗೆ ಬಂತು, ಹಲ್ಲಿನ ತನಕ ಬಂತು. ಹಿಂದೆ ಡೈಮಂಡಣ್ಣ ಕೆಲಸ ನಿಲ್ಲಿಸಿ ಕಿವಿ ಕೊಟ್ಟಿದ್ದ. ಬಿಸಿ ತುಪ್ಪ, ನುಂಗುವಂತಿಲ್ಲ ಉಗುಳುವಂತಿಲ್ಲ. ನುಂಗಿದ.

"ಚೆನ್ನಾಗಿದೆ ಭಾವ" ಎಂದ. "ನಿಮ್ಮ ಚೀಟಿ ಎಲ್ಲ ನನ್ನ ಕೈಗೇ ಕೊಡಿ. ನಾನೊಂದು ಸಲ ನೋಡಿ ಕಳಿಸ್ತೀನಿ."

ಮೆಲ್ಲಗೆ ಹೇಳಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಸಿಡುಕನಿಗೆ ಎರಡೇ ದಾರಿ ಗೊತ್ತಿರುತ್ತವೆ, ಒಂದು ಕೂಗುವುದು, ಇನ್ನೊಂದು ಬಾಯಿ ಮುಚ್ಚುವುದು. ನಡುವೆ ಒಂದು ದಾರಿ ಇದೆ ಎಂದು ಅವನಿಗೆ ಯಾರೂ ತೋರಿಸಿರಲಿಲ್ಲ.

ಎರಡು ತಿಂಗಳು ಹೀಗೇ ನಡೆಯಿತು. ಭಾವ ಸ್ಕೂಟರಿನಲ್ಲಿ ಒಬ್ಬರೇ ಹೋಗಿ ಅಳೆದು ಬರುತ್ತಿದ್ದರು. ಅವರು ಅತ್ತ ತಿರುಗಿದ ಮೇಲೆ ಯಜಮಾನ ಪ್ರತಿ ಅಂಕಿಗೂ ಒಂದೊಂದು ಇಂಚು ಸೇರಿಸಿ, ತನ್ನ ಕೋಳಿಕಾಲಿನ ಅಕ್ಷರದಲ್ಲಿ ಬೇರೆ ಚೀಟಿ ಬರೆದು, ಕತ್ತರಿಸುವ ಮೇಜಿನ ಪಕ್ಕದ ಮೊಳೆಗೆ ಸಿಕ್ಕಿಸುತ್ತಿದ್ದ. ಭಾವನ ಮುತ್ತಿನಂಥ ಅಕ್ಷರ ಕಸದ ಬುಟ್ಟಿಗೆ ಹೋಗುತ್ತಿತ್ತು. ಗಾಜು ಸರಿಯಾಗಿ ಕೂರುತ್ತಿತ್ತು. ಭಾವ ಮನೆಗೆ ಹೋಗಿ, "ಇವತ್ತಿನ ತನಕ ನನ್ನ ಒಂದು ಅಳತೇನೂ ತಪ್ಪಿಲ್ಲ" ಎಂದು ಅಕ್ಕನ ಹತ್ತಿರ ಹೇಳುತ್ತಿದ್ದರು. ಅದನ್ನು ಅಕ್ಕ ಫೋನಿನಲ್ಲಿ ಯಜಮಾನನ ಹೆಂಡತಿಗೆ ಹೇಳುತ್ತಿದ್ದಳು.

ಕೆಲಸದವರೂ ಭಾವನಿಗೆ ಏನೂ ಹೇಳಲಿಲ್ಲ. ಯಜಮಾನರ ಭಾವನಿಗೆ ಟೇಪು ಹಿಡಿಯೋದು ಕಲಿಸಕ್ಕೆ ನಾವ್ಯಾರು ಎಂದು ಸುಮ್ಮನಿದ್ದರು. ಟೀ ಹೊತ್ತಿಗೆ ಎಲ್ಲರೂ ಅವತ್ತಿನ ಬೈಗುಳ ಹಂಚಿಕೊಂಡು ನಗುತ್ತಿದ್ದರೆ ಭಾವ ಒಂದು ಪಕ್ಕ ಲೋಟ ಹಿಡಿದು ನಿಂತಿರುತ್ತಿದ್ದರು.

"ನಿಮಗೆ ಗೊತ್ತಾಗಲ್ಲ ಬಿಡಿ ಭಾವ" ಎಂದು ಒಮ್ಮೆ ಡೈಮಂಡಣ್ಣ ಅಂದ. "ನೀವು ಛತ್ರಿ ಕೆಳಗಿರೋರು. ಗುಡುಗು ನಿಮಗೆ ಕೇಳ್ಸುತ್ತೆ, ಬೀಳಲ್ಲ."

ಭಾವ ನಕ್ಕರು. ಆದರೆ ಲೋಟದಲ್ಲಿ ಅರ್ಧ ಟೀ ಬಿಟ್ಟು ಎದ್ದು ಹೋದರು.

ಆಮೇಲೆ ಹಲ್ಲಿನ ಡಾಕ್ಟರ ಹೊಸ ಕ್ಲಿನಿಕ್ಕಿನ ಕೆಲಸ ಬಂತು. ಕೋಣೆಗಳ ನಡುವೆ ಗೋಡೆಯ ಬದಲು ಗಾಜು, ಒಟ್ಟು ಹನ್ನೊಂದು ತುಂಡು. ಭಾವ ಅರ್ಧ ದಿನ ಅಳೆದು ಬಂದಾಗ ಯಜಮಾನ ಊರಲ್ಲಿರಲಿಲ್ಲ. ಅಂಚು ಉಜ್ಜುವ ಯಂತ್ರದ ಒಂದು ಚಕ್ರ ಮುರಿದು, ಅದನ್ನು ತರಲು ಎರಡು ದಿನದ ದಾರಿ ಹೋಗಿದ್ದ. ಡಾಕ್ಟರು ಅವಸರ ಮಾಡುತ್ತಿದ್ದರು. ಭಾವ ಯೋಚಿಸಿದರು: ನನ್ನ ಅಳತೆ ಯಾವತ್ತು ತಪ್ಪಿದೆ? ಚೀಟಿಯನ್ನು ತಾವೇ ಮೊಳೆಗೆ ಸಿಕ್ಕಿಸಿದರು.

ಡೈಮಂಡಣ್ಣ ಮುತ್ತಿನಂಥ ಅಕ್ಷರ ನೋಡಿದ. ಎರಡು ತಿಂಗಳಾಗಿದೆ, ಇಷ್ಟರಲ್ಲಿ ಭಾವನಿಗೆ ಅಂಗಡಿಯ ಕಾನೂನು ಗೊತ್ತಿರಲೇಬೇಕು ಎಂದುಕೊಂಡ. ಪ್ರತಿ ಅಂಕಿಯಿಂದ ಒಂದು ಕಳೆದ. ಹತ್ತೊಂಬತ್ತು ವರ್ಷದಿಂದ ಕಳೆದವನ ಕೈ ಅದು, ಕೇಳದೆಯೇ ಕಳೆಯುತ್ತದೆ. ಹನ್ನೊಂದು ತುಂಡೂ ಗಟ್ಟಿಯಾಗಲು ಕುಲುಮೆಗೆ ಹೋದವು. ಕುಲುಮೆಯಲ್ಲಿ ಕಾದು ಬಂದ ಗಾಜನ್ನು ಮತ್ತೆ ಕತ್ತರಿಸಲು ಆಗುವುದಿಲ್ಲ. ಕಡ್ಡಿ ಇಟ್ಟರೆ ಸಾಕು, ಇಡೀ ಹಾಳೆ ಕಲ್ಲುಸಕ್ಕರೆಯ ಹಾಗೆ ಪುಡಿಯಾಗುತ್ತದೆ.

ಐದನೇ ದಿನ ಕ್ಲಿನಿಕ್ಕಿನಲ್ಲಿ ಗಾಜು ಎತ್ತಿ ನಿಲ್ಲಿಸಿದರು. ಪಕ್ಕದಲ್ಲಿ ಒಂದು ಇಂಚು ಸಂದು. ಮೇಲೆಯೂ ಒಂದು ಇಂಚು. ಎರಡನೆಯದಕ್ಕೂ ಅಷ್ಟೇ, ಹನ್ನೊಂದಕ್ಕೂ ಅಷ್ಟೇ.

ಡಾಕ್ಟರು ಸಂದಿಯಲ್ಲಿ ಬೆರಳು ಆಡಿಸಿ ನೋಡಿದರು. "ಈಚೆ ಕೋಣೇಲಿ ಹಲ್ಲು ಕಿತ್ರೆ ಆಚೆ ಕೋಣೆಯೋರು ಎದ್ದು ಓಡ್ತಾರಲ್ರಿ" ಎಂದರು. ಅವರು ಅಷ್ಟು ಹೇಳಿ ಸುಮ್ಮನಾದರು, ದೊಡ್ಡ ಮನುಷ್ಯರು.

ಯಜಮಾನ ಚೀಟಿ ತರಿಸಿ ನೋಡಿದ. ಅಕ್ಷರ ಕಂಡ ಕೂಡಲೇ ಎಲ್ಲ ತಿಳಿಯಿತು. ತಪ್ಪು ಭಾವನದ್ದೂ ಅಲ್ಲ, ಡೈಮಂಡಣ್ಣನದ್ದೂ ಅಲ್ಲ. ಎರಡು ತಿಂಗಳ ಹಿಂದೆ ಕಿಟಕಿಯ ಹತ್ತಿರ ನಿಂತು "ಚೆನ್ನಾಗಿದೆ ಭಾವ" ಅಂದ ಬಾಯಿಯದ್ದು. ತಿಳಿದೂ ಅವನು ಮಾಡಿದ್ದೇನು? ಶೆಡ್ಡಿಗೆ ಬಂದ. ಎಲ್ಲರೂ ಅಲ್ಲೇ ಇದ್ದರು, ಭಾವನೂ ಇದ್ದರು. ಬಾಯಿ ಬಿಟ್ಟ. ಬಿಟ್ಟದ್ದು ಡೈಮಂಡಣ್ಣನ ಮೇಲೆ.

"ಕಣ್ಣು ಎಲ್ಲಿಟ್ಟಿದ್ದೆ? ಹನ್ನೊಂದು ಗಾಜು! ಒಂದಲ್ಲ, ಎರಡಲ್ಲ! ಕತ್ತರಿಸೋ ಮುಂಚೆ ತಲೇಲಿ ಏನಾದ್ರೂ ಇದ್ಯಾ ನೋಡ್ಕೋಬಾರ್ದಾ?"

ಡೈಮಂಡಣ್ಣ ಎಂದಿನ ಹಾಗೆ ನಗಲು ಹೊರಟವನು ನಿಂತ. "ಚೀಟಿ ನೋಡಿದ್ರಾ ಯಜಮಾನ್ರೆ?"

"ನೋಡ್ದೆ!"

"ಅಳತೆ ಹೇಗೆ ಹಿಡಿದಿದ್ರು ಅಂತ ಗೊತ್ತಾಯ್ತಾ?"

"ಅಳತೆಯಲ್ಲಿ ಏನೂ ತಪ್ಪಿಲ್ಲ. ಕತ್ತರಿಸಿದ್ದೇ ತಪ್ಪು!"

ಡೈಮಂಡಣ್ಣ ಕೈಗವಸು ಬಿಚ್ಚಿದ. ವಜ್ರದ ಕಡ್ಡಿಯನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಜಮಖಾನದ ಮೇಲಿಟ್ಟ.

"ಹತ್ತೊಂಬತ್ತು ವರ್ಷ ಬೈದಿದ್ದೀರ. ಒಂದು ದಿನಾನೂ ಬೇಜಾರು ಮಾಡ್ಕೊಂಡಿಲ್ಲ, ಯಾಕಂದ್ರೆ ನೀವು ಬೈದಾಗೆಲ್ಲ ತಪ್ಪು ನಂದೇ ಇರ್ತಿತ್ತು. ಸುಳ್ಳು ಬೈಗುಳ ಇವತ್ತೇ ಮೊದಲು. ಇದು ನನಗೆ ಜೀರ್ಣ ಆಗಲ್ಲ."

ಹೊರಟುಹೋದ. ಬಾಗಿಲಲ್ಲಿ ಶೆಡ್ಡಿನ ಬೂಟು ಬಿಚ್ಚಿ ತನ್ನ ಚಪ್ಪಲಿ ಮೆಟ್ಟಿಕೊಳ್ಳಲು ಮರೆಯಲಿಲ್ಲ.

ಸಂಜೆ ಭಾವ ಮೇಜಿನ ಹತ್ತಿರ ಬಂದರು. "ನನ್ನ ಚೀಟೀಲಿ ಏನಾದ್ರೂ ಹೆಚ್ಚುಕಮ್ಮಿ ಆಗಿತ್ತೇನೋ?"

"ಇಲ್ಲ ಭಾವ."

"ಸರಿಯಾಗಿ ಹೇಳು."

"ಇಲ್ಲ ಅಂದ್ನಲ್ಲ ಭಾವ. ನೀವು ಮನೆಗೆ ಹೋಗಿ."

ಮನೆಯಲ್ಲಿ ಹೆಂಡತಿಗೆ ಆಗಲೇ ಸುದ್ದಿ ತಲುಪಿತ್ತು. ಅವಳು ತಟ್ಟೆ ಇಡುತ್ತಲೇ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ" ಅಂದಳು.

"ನಿಂಗೇನು ಗೊತ್ತು?"

"ಅಕ್ಕನಿಗೆ ಹೆದ್ರಿ ಡೈಮಂಡಣ್ಣನ ಮೇಲೆ ಕೂಗಿದ್ರಿ ಅನ್ನೋದು ಗೊತ್ತು. ಕೂಗೋಕೆ ಧೈರ್ಯ ಬೇಡ ರೀ, ಬಾಯಿ ಇದ್ರೆ ಸಾಕು. ಬಡಿಸ್ಲಾ?"

ಅವನು ಉಣ್ಣದೆ ಎದ್ದ. ಎದ್ದವನು ಹಸಿವು ತಾಳಲಾರದೆ ಮತ್ತೆ ಬಂದು ಕೂತ. ಹೆಂಡತಿ ಬಡಿಸಿದಳು.

ಬೆಳಗ್ಗೆ ಡೈಮಂಡಣ್ಣನ ಮನೆಗೆ ಹೋದ. ಮೂರನೇ ಮಹಡಿ, ಕಿರಿದಾದ ಮೆಟ್ಟಿಲು. ಡೈಮಂಡಣ್ಣ ಬನಿಯನ್ನಿನಲ್ಲಿ ಕೂತು ಮುರಿದ ಫ್ಯಾನು ಬಿಚ್ಚಿಕೊಂಡಿದ್ದ. ಯಜಮಾನನಿಗೆ ಕುರ್ಚಿ ಹಾಕಿದ, ಟೀ ಹೇಳಿದ. ಮರ್ಯಾದೆಯಲ್ಲಿ ಒಂದಿಷ್ಟೂ ಕಮ್ಮಿ ಮಾಡಲಿಲ್ಲ, ಅದೇ ಹೆಚ್ಚು ಚುಚ್ಚಿತು.

"ಬಾ ಕೆಲಸಕ್ಕೆ."

"ಇನ್ನೊಂದು ಅಂಗಡಿಯೋರು ವರ್ಷದಿಂದ ಕರೀತಾ ಇದಾರೆ. ಸೋಮವಾರ ಬರ್ತೀನಿ ಅಂದಿದೀನಿ."

"ತಪ್ಪಾಯ್ತು ಮಾರಾಯ. ನಿನ್ನದೇನೂ ತಪ್ಪಿರ್ಲಿಲ್ಲ. ಭಾವ ತುದಿಯಿಂದ ಹಿಡಿದಿದ್ರು. ಮೊದಲ ದಿನವೇ ನೋಡಿದ್ದೆ. ಹೇಳಕ್ಕಾಗ್ಲಿಲ್ಲ. ಅಕ್ಕನಿಗೆ ಮಾತು ಕೊಟ್ಟಿದ್ದೆ."

ಡೈಮಂಡಣ್ಣ ಫ್ಯಾನಿನ ತಿರುಪು ಬಿಗಿ ಮಾಡಿದ. "ಇದನ್ನ ನನಗೆ ಯಾಕೆ ಹೇಳ್ತೀರ? ನನಗೆ ಗೊತ್ತಿದ್ದಿದ್ದೇ. ಅಲ್ಲಿ ಏಳು ಜನ ನಿಂತಿದ್ರು. ಡೈಮಂಡಣ್ಣ ಹನ್ನೊಂದು ಗಾಜು ಹಾಳು ಮಾಡ್ದ ಅಂತ ಅವರ ಕಿವೀಲಿ ಇದೆ. ನಾಳೆ ಊರಿನ ಕಿವೀಲಿ ಇರುತ್ತೆ. ನನ್ನ ಹತ್ರ ಕೈ ಬಿಟ್ರೆ ಇನ್ನೇನಿದೆ ಯಜಮಾನ್ರೆ? ಎಲ್ಲರ ಮುಂದೆ ಕೂಗಿದ್ದನ್ನ ಮೆಟ್ಟಿಲು ಹತ್ತಿ ಬಂದು ಗುಟ್ಟಾಗಿ ತೊಳೆಯಕ್ಕೆ ಬರಲ್ಲ."

ಯಜಮಾನ ಮೆಟ್ಟಿಲಿಳಿದ. ಒಂದು ಕಡೆ ಅಕ್ಕ, ಒಂದು ಕಡೆ ಈ ಮನುಷ್ಯ. ಅಕ್ಕ ಹೋದರೆ ಅಕ್ಕ ಮತ್ತೆ ಹುಟ್ಟುವುದಿಲ್ಲ. ಇವನು ಹೋದರೆ ಅಂಗಡಿ ಎರಡು ವರ್ಷದಲ್ಲಿ ಮುಚ್ಚುತ್ತದೆ, ಮುಚ್ಚದಿದ್ದರೂ ತನ್ನ ಬೈಗುಳಕ್ಕೆ ಇನ್ನು ಯಾರೂ ಬೆಲೆ ಕೊಡುವುದಿಲ್ಲ. ಸುಳ್ಳೂ ಇರಬಹುದು ಎಂದುಕೊಳ್ಳುತ್ತಾರೆ. ಈ ಕೊನೆಯದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

ಶೆಡ್ಡಿಗೆ ಬಂದು ಉಜ್ಜುವ ಯಂತ್ರ ನಿಲ್ಲಿಸಿ ಎಂದ. ಎಲ್ಲರನ್ನೂ ಕರೆದ. ಭಾವ ಪೆನ್ನು ಜೇಬಿಗಿಡುತ್ತ ಬಂದರು.

"ಹನ್ನೊಂದು ಗಾಜು ಡೈಮಂಡಣ್ಣ ಹಾಳು ಮಾಡಿದ್ದಲ್ಲ" ಎಂದ ಯಜಮಾನ. ದನಿ ಎತ್ತಲಿಲ್ಲ. ಅದಕ್ಕೇ ಕೆಲಸದವರಿಗೆ ಗಾಬರಿಯಾಯಿತು. "ಭಾವ, ಈ ಅಂಗಡೀಲಿ ಟೇಪನ್ನ ಒಂದು ಇಂಚು ಬಿಟ್ಟು ಹಿಡೀಬೇಕು. ನೀವು ತುದಿಯಿಂದ ಹಿಡಿದ್ರಿ. ಆ ಒಂದು ಇಂಚನ್ನ ಅವನು ಕಳೆದ. ಕಳೆಯೋದೇ ಅವನ ಕೆಲಸ. ನಾನು ನಿಮಗೆ ಹೇಳಿರ್ಲಿಲ್ಲ."

ಭಾವ ಕೈಯಲ್ಲಿದ್ದ ಟೇಪಿನ ತುದಿಯ ಕೊಕ್ಕೆ ನೋಡಿದರು. "ಹಾಗಾದ್ರೆ ಇಷ್ಟು ದಿನ ಗಾಜು ಹೇಗೆ ಸರಿ ಹೋಗ್ತಿತ್ತು?"

"ನಾನು ತಿದ್ತಿದ್ದೆ."

"ಎಷ್ಟು ಚೀಟಿ?"

"ಎಲ್ಲಾ."

"ಎರಡು ತಿಂಗಳು. ಮನೇಲಿ ನಿನ್ನಕ್ಕನ ಮುಂದೆ ಜಂಬ ಕೊಚ್ಕೋತಾ ಇದ್ದೆ ಕಣೋ. ನೀನು ನನಗೆ ಕೆಲಸ ಕೊಟ್ಯೋ, ಇಲ್ಲ ಮಗೂಗೆ ಆಟದ ಸಾಮಾನು ಕೊಟ್ಯೋ?"

"ಭಾವ, ಅಕ್ಕ..."

"ಅಕ್ಕನ್ನ ಬಿಡು! ಮೂವತ್ತು ವರ್ಷ ಗೇಟಲ್ಲಿ ನಿಂತು ಲೇಟಾಗಿ ಬಂದೋರಿಗೆಲ್ಲ ಬೈದಿದೀನಿ ನಾನು. ಬೈಯೋಕೆ ಬರೋನಿಗೆ ಬೈಸ್ಕೊಳ್ಳೋಕೂ ಬರುತ್ತೆ. ಅವತ್ತೇ ಒಂದು ಕೂಗು ಕೂಗಿದ್ರೆ ಮುಗೀತಿತ್ತಲ್ಲೋ. ಆ ಮನುಷ್ಯ ನನ್ನ ಪಾಲಿನ ಬೈಗುಳ ತಿಂದ."

ಟೇಪು ಮೇಜಿನ ಮೇಲಿಟ್ಟು, ಸ್ಕೂಟರು ಹತ್ತಿ ಹೋಗಿಬಿಟ್ಟರು.

ಮಧ್ಯಾಹ್ನ ಅಕ್ಕನ ಫೋನು. "ಎಲ್ಲರ ಮುಂದೆ ಅಂದ್ಯಂತೆ."

"ಹೂಂ ಅಕ್ಕ, ಅಂದೆ."

"ಮಾತು ಕೊಟ್ಟಿದ್ದೆ."

"ಕೊಡಬಾರದಿತ್ತು."

ಅಕ್ಕ ಫೋನು ಇಟ್ಟುಬಿಟ್ಟಳು.

ಮರುದಿನ ಭಾವ ಬರಲಿಲ್ಲ, ಡೈಮಂಡಣ್ಣನೂ ಬರಲಿಲ್ಲ. ಯಜಮಾನನೇ ಕತ್ತರಿಸುವ ಮೇಜಿನ ಮುಂದೆ ನಿಂತು ಎರಡು ಹಾಳೆ ಸೀಳಿದ. ಮೂರನೆಯದು ಅಡ್ಡ ಬಿರಿಯಿತು. ಬೈಯಲು ಯಾರೂ ಸಿಗದೆ ತನ್ನನ್ನೇ ಬೈದುಕೊಂಡ.

ಅದರ ಮರುದಿನ ಎಂಟು ಗಂಟೆಗೆ ಸ್ಕೂಟರು ಬಂದು ನಿಂತಿತು. ಮುಂದೆ ಭಾವ, ಹಿಂದೆ ಡೈಮಂಡಣ್ಣ. ಡೈಮಂಡಣ್ಣ ಸೀದಾ ಒಳಗೆ ಹೋಗಿ ಕೈಗವಸು ಹುಡುಕತೊಡಗಿದ.

"ಏನಿದು?" ಎಂದ ಯಜಮಾನ.

"ನಿಮ್ಮ ಭಾವ ನಿನ್ನೆ ಬೆಳಗ್ಗೇನೇ ನಮ್ಮನೆಗೆ ಬಂದ್ರು. ಕ್ಷಮಿಸಿ ಅಂದ್ರು, ಆಯ್ತು ಅಂದೆ. ಹೋಗ್ತಾರೆ ಅಂದ್ಕೊಂಡ್ರೆ, ಟೇಪು ಹಿಡಿಯೋದು ಕಲಿಸಿ ಅಂತ ಕೂತ್ರು. ನಮ್ಮನೆ ಬಾಗ್ಲು, ಕಿಟಕಿ, ಮಂಚ ಎಲ್ಲಾ ಅಳೆದಾಯ್ತು. ಕೊನೆಗೆ ನನ್ನ ಹೆಂಡ್ತಿ, 'ಇವರನ್ನ ಅಂಗಡಿಗೆ ಕರ್ಕೊಂಡು ಹೋಗಿ, ಇಲ್ದಿದ್ರೆ ನನ್ನನ್ನೂ ಅಳೀತಾರೆ' ಅಂದ್ಳು."

ಶೆಡ್ಡು ಪೂರ್ತಿ ನಕ್ಕಿತು. ಭಾವನೂ ನಕ್ಕರು, ಈ ಸಲ ಒಂದು ಪಕ್ಕ ನಿಂತು ಅಲ್ಲ.

ಹನ್ನೊಂದು ಗಾಜನ್ನೂ ಹೊಸದಾಗಿ ಅಳೆದು ಮಾಡಿದರು. ಹಳೆಯವು ಈಗಲೂ ಶೆಡ್ಡಿನ ಹಿಂದೆ ನಿಂತಿವೆ, ಸಣ್ಣ ಕಿಟಕಿಗೆ ದೊಡ್ಡವು, ದೊಡ್ಡ ಕಿಟಕಿಗೆ ಸಣ್ಣವು. ಅಕ್ಕ ತಿಂಗಳಾದರೂ ತಮ್ಮನ ಹತ್ತಿರ ಮಾತಾಡಿಲ್ಲ. ಭಾನುವಾರ ಅವನು ಹೋದರೆ ನೀರು ತಂದಿಡುತ್ತಾಳೆ, ಅವನ ಹೆಂಡತಿಯ ಕಡೆ ತಿರುಗಿ, "ಊಟ ಮಾಡ್ತಾನಾ ಕೇಳು" ಎನ್ನುತ್ತಾಳೆ. ಅವನು ಮಾಡುತ್ತಾನೆ.

ಕ್ಲಿನಿಕ್ಕಿನಲ್ಲಿ ಹೊಸ ಗಾಜು ನಿಲ್ಲಿಸುವ ದಿನ ನಾಲ್ಕು ಜನ ಮೊದಲ ಹಾಳೆ ಎತ್ತಿದ್ದರು. ಡಾಕ್ಟರು ನೋಡುತ್ತಿದ್ದರು. ಭಾವ ದಾರಿಗೆ ಅಡ್ಡವಾಗಿ, ಗಾಜಿಗೆ ಬೆನ್ನು ಮಾಡಿ, ಚೀಟಿ ಓದುತ್ತ ನಿಂತಿದ್ದರು.

"ಭಾವ!" ಯಜಮಾನನ ಕೂಗಿಗೆ ಡಾಕ್ಟರೇ ಬೆಚ್ಚಿದರು. "ಗಾಜಿಗೆ ಬೆನ್ನು ಕೊಟ್ಟು ನಿಲ್ಲಬೇಡಿ ಅಂತ ಎಷ್ಟು ಸಲ ಹೇಳೋದು ನಿಮಗೆ?"

"ಇದೇ ಮೊದಲನೇ ಸಲ" ಎಂದು ಭಾವ ಪಕ್ಕಕ್ಕೆ ಸರಿದರು.